ಟ್ಯೂಬಾದೊಳಗಿನ ಕುಂಬಾರ ಹುಳ

ನನ್ನ ಕಿರಿಯ ಸೊಸೆಗೆ ಮಕ್ಕಳಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಓಣಿಯಲ್ಲಿ ಆಕೆಯ ಮಾತು ಬಂದರೆ ಎಲ್ಲರೂ ಮೊದಲು ಹೇಳುವುದು ಇದನ್ನೇ. ಆಕೆ ಚೆನ್ನಾಗಿ ಹೊಲಿಗೆ ಮಾಡುತ್ತಾಳೆ, ಕವಲಾಪುರದ ತವರುಮನೆಯಲ್ಲಿ ಟ್ರ್ಯಾಕ್ಟರ್ ಓಡಿಸಿದವಳು, ದಿನಾ ನನ್ನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾಳೆ. ಅದನ್ನು ಯಾರೂ ಹೇಳುವುದಿಲ್ಲ.

ಸಾಂಗ್ಲಿಯಿಂದ ಮಿರಜಿಗೆ ದವಾಖಾನೆಗಾಗಿ ಆಕೆ ಓಡಾಡಿದ್ದಕ್ಕೆ ಲೆಕ್ಕ ಇಟ್ಟಿಲ್ಲ. ಒಬ್ಬ ಡಾಕ್ಟರ ಕೈಚೆಲ್ಲಿದರೆ ಇನ್ನೊಬ್ಬರ ಹೆಸರು ಯಾರಾದರೂ ಹೇಳುತ್ತಿದ್ದರು. ಮಗ ಕುಪವಾಡದ ಕಾರ್ಖಾನೆಗೆ ರಜೆ ಹಾಕಿ ಜೊತೆಗೆ ಹೋಗುತ್ತಿದ್ದ, ಅವನಿಗೆ ಆಗದಿದ್ದರೆ ನಾನು. ಹಾಗಾಗಿ ಈ ಸಲದ ಮಳೆಗಾಲದ ಮೊದಲಿಗೆ, ಅಕ್ಕಿ ಆರಿಸುತ್ತ ಕುಳಿತವಳು, "ಅತ್ತಿ, ನಾಳೆ ನನ್ನ ಜೋಡಿ ಮಿರಜಿಗೆ ಬರ್ತೀರೇನ್ರಿ?" ಎಂದಾಗ ನಾನು ತಲೆ ಎತ್ತದೆ ಕೇಳಿದೆ.

"ಈಗ ಯಾವ ಡಾಕ್ಟರ?"

"ಡಾಕ್ಟರ ಅಲ್ರಿ. ಬಾಜಾ ತಗೋಬೇಕಾಗ್ಯದ."

ನಮ್ಮ ಬಸ್ತಿಯ ಹೆಣ್ಣುಮಕ್ಕಳು ಒಂದು ಬ್ಯಾಂಡ್ ಕಟ್ಟಿದ್ದಾರೆ. ಬಸ್ತಿ ಎಂದರೆ ನಮ್ಮ ಜೈನರ ಗುಡಿ. ಮೊದಲು ಬರೀ ಢೋಲು, ಲೇಜಿಮು ಇತ್ತು. ಆಮೇಲೆ ಒಬ್ಬ ಮಾಸ್ತರ ಬಂದು ತುತ್ತೂರಿ, ಕ್ಲಾರಿನೆಟ್ ಕಲಿಸಿದ. ಭಾದ್ರಪದದಲ್ಲಿ ನಮ್ಮ ದಶಲಕ್ಷಣ ಪರ್ವ ಮುಗಿದಾಗ ಮೆರವಣಿಗೆ ಹೊರಡುತ್ತದೆ, ಅದರ ಮುಂದೆ ಇವರ ಬ್ಯಾಂಡು. ಎಲ್ಲ ಸಣ್ಣ ಸಣ್ಣ ದನಿಗಳೇ ಇವೆ, ಬುಡವಿಲ್ಲದ ಕೊಡದ ಹಾಗೆ ಆಗಿದೆ, ಟ್ಯೂಬಾ ಒಂದು ಬೇಕು ಎಂದು ಮಾಸ್ತರ ಹೇಳಿದ್ದನಂತೆ. ಟ್ಯೂಬಾ ಎಂದರೆ ಮದುವೆ ಬ್ಯಾಂಡಿನಲ್ಲಿ ಎಲ್ಲರಿಗಿಂತ ಹಿಂದೆ ಒಬ್ಬ ದಪ್ಪ ಮನುಷ್ಯ ಎದೆಗೆ ಅವುಚಿಕೊಂಡು ಬರುತ್ತಾನಲ್ಲ, ಕರುಳಿನ ಹಾಗೆ ಸುತ್ತಿಕೊಂಡ ಹಿತ್ತಾಳೆಯದು, ಮೇಲೆ ಹಂಡೆಯಷ್ಟು ದೊಡ್ಡ ಬಾಯಿ, ಅದು. ತಂದವರಿಗೇ ಅದನ್ನು ಊದುವ ಜಾಗ. ಬೇರೆ ಯಾರೂ ಮುಂದೆ ಬರಲಿಲ್ಲ. ನನ್ನ ಸೊಸೆ ಬಂದಿದ್ದಳು.

ದುಡ್ಡು ಎಲ್ಲಿಯದು ಎಂದು ನಾನು ಕೇಳಲಿಲ್ಲ. ಇನ್ನೊಂದು ಸುತ್ತಿನ ಇಂಜೆಕ್ಷನ್ನಿಗೆಂದು ಹೊಲಿಗೆಯಲ್ಲಿ ಉಳಿಸಿದ್ದು ನನಗೆ ಗೊತ್ತಿತ್ತು. ಆ ಸುತ್ತು ಇನ್ನು ಬೇಡ ಎಂದು ಆಕೆ ಗಟ್ಟಿ ಮಾಡಿಕೊಂಡಿದ್ದಾಳೆ ಎಂಬುದೂ ಅಲ್ಲಿಯೇ ತಿಳಿಯಿತು. ಅಕ್ಕಿಯಲ್ಲಿ ಕಲ್ಲು ಬಹಳ ಇದ್ದವು. ಇಬ್ಬರೂ ಆರಿಸಿ ಮುಗಿಸಿದೆವು.

ಮಿರಜಿನಲ್ಲಿ ಸಿತಾರ್ ಮಾಡುವ ಓಣಿ ಎಲ್ಲರಿಗೂ ಗೊತ್ತು. ಹೊರಗೆ ದೊಡ್ಡ ದೊಡ್ಡ ಒಣ ಕುಂಬಳಬುರುಡೆಗಳನ್ನು ನೇತುಹಾಕಿರುತ್ತಾರೆ. ಅದರ ಹಿಂದಿನ ಸಂದಿಯಲ್ಲಿ ಬ್ಯಾಂಡಿನ ಸಾಮಾನು ರಿಪೇರಿ ಮಾಡುವ ಮುದುಕ ಒಬ್ಬ. ಅರ್ಧ ಮರಾಠಿ, ಅರ್ಧ ಉರ್ದು ಮಾತಾಡಿ ನಡುನಡುವೆ ನಮಗಾಗಿ ಕನ್ನಡ ಸೇರಿಸುತ್ತಿದ್ದ. ಅಟ್ಟದ ಮೇಲಿನಿಂದ ಟ್ಯೂಬಾ ಇಳಿಸಿದಾಗ ಅದರ ಜೊತೆಗೆ ಒಂದು ಬುಟ್ಟಿ ಧೂಳು ಇಳಿಯಿತು. ಹೊಟ್ಟೆಯಲ್ಲಿ ಒಂದು ದೊಡ್ಡ ನೆಗ್ಗು.

"ಸಂಸ್ಥಾನದ ಕಾಲದ್ದು ಅಮ್ಮಾ, ರಾಜಾಸಾಹೇಬರ ಬ್ಯಾಂಡಿಂದು," ಎಂದ.

"ಮಿರಜಿನಾಗ ಹಳೇದು ಅಂದ್ರ ಎಲ್ಲಾ ಸಂಸ್ಥಾನದ್ದ," ಎಂದೆ. "ನೆಗ್ಗು ಯಾರ ಕಾಲದ್ದು?"

ಅವನು ನಕ್ಕ. ಒತ್ತುವ ಮೂರೂ ಗುಂಡಿಗಳು ಬಿಗಿದುಕೊಂಡಿದ್ದವು. ಎಣ್ಣೆ ಬಿಟ್ಟು, ಒತ್ತಿ ಒತ್ತಿ ಸಡಿಲು ಮಾಡಿದ. ಊದುವ ತುದಿಯಲ್ಲಿ ಒಂದು ಬಟ್ಟಲಿನಂಥ ತುಂಡು ಕೂಡುತ್ತದೆ, ಮೌತ್‌ಪೀಸು. ಅದನ್ನು ಅವನು ಅಂಗಿಯ ತುದಿಯಿಂದ ಒರೆಸಿ ಸೊಸೆಯ ಕೈಗೆ ಕೊಡಲು ಬಂದ. ನಾನು ನಡುವೆ ಕೈ ಹಾಕಿ ಇಸಿದುಕೊಂಡೆ. ಎಷ್ಟು ಮಂದಿಯ ಎಂಜಲೋ. ಚೀಲದಲ್ಲಿ ಕಾಯಿಸಿ ಆರಿಸಿದ ಕುಡಿಯುವ ನೀರು ಇತ್ತು. ನಾವು ಹೊರಗಿನ ನೀರು ಕುಡಿಯುವುದಿಲ್ಲ. ಅದರಲ್ಲಿ ತೊಳೆದು ಕೊಟ್ಟೆ. ಮುದುಕ ಸಿಟ್ಟಾಗಲಿಲ್ಲ. "ತೊಳೀರಿ ತೊಳೀರಿ, ಅದು ಸುತ್ತ ದೇಶದ ಬಾಯಿ ನೋಡ್ಯದ," ಎಂದ.

ಸೊಸೆ ಸ್ಟೂಲಿನ ಮೇಲೆ ಕುಳಿತು ಟ್ಯೂಬಾ ತೊಡೆಯ ಮೇಲೆ ಇಟ್ಟುಕೊಂಡಳು. ಊದಿದಳು. ಬರೀ ಗಾಳಿ. ಮತ್ತೆ ಊದಿದಳು. ಗಾಳಿ.

"ಒಲಿ ಊದಿದಂಗ ಊದಬ್ಯಾಡ ಬೇಟಿ," ಎಂದ ಮುದುಕ. "ತುಟಿ ಕೂಡಿಸು. ತುಟಿ ನಡಗಬೇಕು. ಬಾಯಾಗ ಜೇನು ಹುಳ ಇಟಗೊಂಡೀ ಅಂತ ತಿಳಿ."

ಮೂರನೆಯ ಸಲ ಎಮ್ಮೆ ಹೂಸು ಬಿಟ್ಟಂತೆ ಒಂದು ಸಪ್ಪಳ ಬಂತು. ನಾನು ಅದನ್ನೇ ಬಾಯಿಬಿಟ್ಟು ಅಂದೆ. ಮುದುಕ ತೊಡೆ ತಟ್ಟಿಕೊಂಡು ನಕ್ಕ, ಸೊಸೆ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ ಇನ್ನೊಮ್ಮೆ ಊದಿದಳು. ಭೋಂ ಎಂದಿತು. ಎದುರಿಗೆ ನೇತುಹಾಕಿದ್ದ ಒಂದು ತಂಬೂರಿಯ ತಂತಿ ತಾನೇ ಗುಂಯ್ ಎಂದಿತು. ಸೊಸೆ ಕಣ್ಣು ತೆರೆದು ನನ್ನ ಕಡೆ ನೋಡಿದಳು. ಆ ಮುಖ ಆಕೆ ಮದುವೆಯಾಗಿ ಬಂದ ಹೊಸತರಲ್ಲಿ ನೋಡಿದ್ದೆ. ಆಮೇಲೆ ನೋಡಿರಲಿಲ್ಲ.

ಚೌಕಾಶಿ ನಾನೇ ಮಾಡಿದೆ. ಅದು ಇಲ್ಲಿ ಬೇಡ.

ರಿಕ್ಷಾದಲ್ಲಿ ಸಾಂಗ್ಲಿಗೆ ತಂದೆವು. ನಮ್ಮಿಬ್ಬರ ನಡುವೆ ಅದು ಮೂರನೆಯ ಹೆಂಗಸಿನ ಹಾಗೆ ಕುಳಿತಿತ್ತು, ಬಾಯಿ ರಿಕ್ಷಾದ ಹೊರಗೆ. ಮಳೆ ಹನಿ ಅದರೊಳಗೆ ಬೀಳದಂತೆ ಸೊಸೆ ತನ್ನ ಸೆರಗು ಮುಚ್ಚಿದಳು.

ಮನೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಹೊರಗಿನ ಪಡಸಾಲೆಯ ಗೋಡೆಗೆ ಮಗ ಎರಡು ದಪ್ಪ ಮೊಳೆ ಹೊಡೆದು ನೇತುಹಾಕಿದ. ಮಾಸ್ತರ ಬಂದು ನೋಡಿ ಖುಷಿಪಟ್ಟ. ಆದರೆ ಮೊದಲು ತುಟಿ ಗಟ್ಟಿಯಾಗಬೇಕು, ಕೆಲವು ವಾರ ಬರೀ ಮೌತ್‌ಪೀಸಿನಲ್ಲಿ ಅಭ್ಯಾಸ ಮಾಡು, ಆಮೇಲೆ ಟ್ಯೂಬಾ ಮುಟ್ಟು ಎಂದ. ಅಂದಿನಿಂದ ಆಕೆ ಮೌತ್‌ಪೀಸು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡಿದಳು. ಬೇಳೆ ಬೇಯುವಾಗ ಬ್ರ್ರ್ರ್. ಬಟ್ಟೆ ಒಣಹಾಕುವಾಗ ಬ್ರ್ರ್ರ್. ಕುಕ್ಕರಿನ ಸೀಟಿಗೂ ಅದಕ್ಕೂ ಜಗಳ. ನನಗೆ ತಲೆನೋವು ಬಂತು, ಆದರೆ ನಾನು ಸುಮ್ಮನಿದ್ದೆ. ದವಾಖಾನೆಯಿಂದ ಬಂದ ಮೇಲೆ ಆಕೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ ದಿನಗಳಿಗಿಂತ ಈ ತಲೆನೋವು ಕಡಿಮೆ.

ಟ್ಯೂಬಾ ಮಾತ್ರ ಊದುವ ಕೊಳವೆ ತೆರೆದುಕೊಂಡು ಗೋಡೆಯ ಮೇಲೆ ಇತ್ತು.

ಮಳೆಗಾಲದಲ್ಲಿ ಪಡಸಾಲೆಗೆ ಕುಂಬಾರ ಹುಳ ಬರುವುದು ಹೊಸದಲ್ಲ. ಸಣ್ಣ ಸೊಂಟದ ಕಣಜ, ಒದ್ದೆ ಮಣ್ಣಿನ ಉಂಡೆ ಕಚ್ಚಿ ತಂದು ಗೂಡು ಕಟ್ಟುತ್ತದೆ. ಕಿಟಕಿಯ ಮೂಲೆ, ಬಾಗಿಲ ಚಿಲಕದ ತೂತು, ಎಲ್ಲಿ ಸಂದು ಕಂಡರೆ ಅಲ್ಲಿ. ಗೂಡಿನೊಳಗೆ ಮೊಟ್ಟೆ ಇಟ್ಟು, ಮರಿಗೆ ತಿನ್ನಲು ಸಣ್ಣ ಕೀಟ ತುಂಬಿ, ಬಾಯಿಯನ್ನು ಮಣ್ಣಿನಿಂದ ಮುಚ್ಚಿ ಹೋಗುತ್ತದೆ. ಈ ವರ್ಷವೂ ಒಂದು ಓಡಾಡಿಕೊಂಡಿತ್ತು. ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಹಿಂಬಾಲಿಸಲಿಲ್ಲ.

ಮಾಸ್ತರ ಇನ್ನು ಟ್ಯೂಬಾ ಮುಟ್ಟಬಹುದು ಎಂದ ದಿನ ಭಾನುವಾರ. ಮಗ ಮನೆಯಲ್ಲಿದ್ದ. ಪಕ್ಕದ ಮನೆಯ ಕಾಕುವೂ ಕರಿಬೇವು ಕೇಳಲು ಬಂದು ಅಲ್ಲೇ ಕುಳಿತಿದ್ದಳು. ಮರಾಠರಾಕೆ, ನನ್ನ ವಾರಿಗೆಯವಳು, ನಮ್ಮ ಜೊತೆ ಇದ್ದು ಇದ್ದು ಕನ್ನಡ ಕಲಿತವಳು. ಸೊಸೆ ಸ್ನಾನ ಮಾಡಿ, ಕುಳಿತು, ಮೌತ್‌ಪೀಸು ಸಿಕ್ಕಿಸಿ ಊದಿದಳು. ಸಪ್ಪಳವಿಲ್ಲ. ಗಾಳಿಯ ಸಪ್ಪಳವೂ ಇಲ್ಲ. ಕೆನ್ನೆ ಉಬ್ಬಿ, ಮುಖ ಕೆಂಪಾಗಿ, ಕಿವಿಯೂ ಕೆಂಪಾದವು.

"ಮುದುಕ ಮೋಸ ಮಾಡ್ಯಾನ," ಎಂದ ಮಗ.

"ಅಲ್ಲೇ ಊದಿ ನೋಡೇವಲ್ಲೋ," ಎಂದೆ.

ಮಗ ಮೌತ್‌ಪೀಸು ಕಿತ್ತು ಕೊಳವೆಯೊಳಗೆ ಮೊಬೈಲಿನ ಬೆಳಕು ಬಿಟ್ಟ. ಒಳಗೆ ಮಣ್ಣು. ಕುಂಬಾರ ಒದ್ದೆ ಕೈಯಿಂದ ಸವರಿದ ಹಾಗೆ ನುಣ್ಣಗೆ ಮುಚ್ಚಿತ್ತು. ಅವನು ಓಡಿ ಹೋಗಿ ಮುರಿದ ಛತ್ರಿಯ ಕಡ್ಡಿ ತಂದ.

"ಕಡ್ಡಿ ಕೆಳಗ ಇಡು," ಎಂದೆ.

"ಅವ್ವಾ, ಒಂದ ಸಲ ಚುಚ್ಚಿದ್ರ ಆತು."

"ಒಳಗ ಜೀವ ಅದ. ಚಾತುರ್ಮಾಸ ನಡದದ. ಸಂಜಿ ಮುಂದ ದೀಪ ಹಚ್ಚಿದ್ರ ಹುಳ ಬೀಳ್ತಾವಂತ ಹೊತ್ತು ಮುಳುಗೂದ್ರಾಗ ಉಣ್ಣು ಮಂದಿ ನಾವು. ಈಗ ಕಡ್ಡಿ ಹಾಕಿ ಮರಿ ಚುಚ್ಚತೀ?"

ಅವನು ಕಡ್ಡಿ ಇಟ್ಟ. ಸೊಸೆಯ ಮುಖ ಇಳಿಯಿತು. ಮೆರವಣಿಗೆಗೆ ಬಹಳ ದಿನ ಉಳಿದಿರಲಿಲ್ಲ. ಆದರೂ ಆಕೆ ಎದುರು ಮಾತಾಡಲಿಲ್ಲ. ಆಕೆಯೂ ಅದೇ ನೇಮದಲ್ಲಿ ಬೆಳೆದವಳು. ಇಷ್ಟಕ್ಕೇ ಮುಗಿಯಬೇಕಿತ್ತು. ಅಷ್ಟರಲ್ಲಿ ಕಾಕು ಕರಿಬೇವು ಅಲ್ಲೇ ಬಿಟ್ಟು ಎದ್ದು ಬಂದಳು. ತಾನೂ ಬೆಳಕು ಬಿಟ್ಟು ನೋಡಿದಳು. ಎರಡೂ ಕೈಯಿಂದ ಸೊಸೆಯ ಮುಖ ನೀವಿ ಲಟಿಕೆ ಮುರಿದಳು.

"ಅಗ ಬಾಯಿ! ಕುಂಭಾರಣೀನ ಘರ ಕೇಲಂಯ! ಮನಿ ಮಾಡ್ಯದ ಹುಳ! ಹುಚ್ಚಿ, ಅಳಬ್ಯಾಡ. ಕುಂಬಾರ ಹುಳ ಸುಮ್ಮ ಸುಮ್ಮನ ಬರಂಗಿಲ್ಲ. ಯಾರ ವಸ್ತುದಾಗ ಗೂಡು ಕಟ್ಟತದ, ಅವರ ಮಡಲಾಗ ಕೂಸು ಆಡತದ."

ಈ ನಂಬಿಕೆ ನಮ್ಮ ಕಡೆಯೂ ಇದೆ. ನಾನು ಅದನ್ನು ನಂಬುವುದಿಲ್ಲ. ಚಿಕ್ಕೋಡಿ ಕಡೆಯ ನನ್ನ ತವರಿನಲ್ಲಿ ಸೋದರತ್ತೆ ಒಬ್ಬಳಿದ್ದಳು, ಚಿಕ್ಕಂದಿನಲ್ಲೇ ವಿಧವೆ. ಎಲ್ಲರಿಗಿಂತ ಹೆಚ್ಚು ಗೂಡು ಆಕೆಯ ಕೋಣೆಯಲ್ಲೇ ಇರುತ್ತಿದ್ದವು, ಕೋಣೆ ಕತ್ತಲು ಇತ್ತು ಅದಕ್ಕೆ. ಆಗ ಯಾರೂ ತೊಟ್ಟಿಲು, ಕೂಸು ಎನ್ನಲಿಲ್ಲ. ಶಕುನಕ್ಕೂ ಮುಖ ನೋಡುವುದು ಗೊತ್ತು.

ಇದನ್ನು ಕಾಕುವಿಗೆ ಹೇಳಿದೆ. "ನಿನಗ ಎಲ್ಲಾದ್ರಾಗೂ ಕಲ್ಲು ಕಾಣ್ತಾವ," ಎಂದಳು. ಮನೆಗೆ ಹೋಗಿ ಅರಿಶಿನ ಕುಂಕುಮದ ಬಟ್ಟಲು ತಂದು ಟ್ಯೂಬಾಕ್ಕೆ ಹಚ್ಚಿದಳು. ಸಂಸ್ಥಾನದ ಕಾಲದಿಂದ ಅದಕ್ಕೆ ಯಾರೂ ಕುಂಕುಮ ಇಟ್ಟಿರಲಿಕ್ಕಿಲ್ಲ.

ಮಾರನೆಯ ದಿನದಿಂದ ಓಣಿಯ ಹೆಂಗಸರು ನೋಡಲು ಬಂದರು. ಚಪ್ಪಲಿ ಬಿಟ್ಟು ಬಂದು ಕೊಳವೆಯೊಳಗೆ ಇಣುಕಿದರು. ಬಾಗಿಲು ಜೋರಾಗಿ ಹಾಕಬೇಡಿ ಎಂದರು, ಗೋಡೆ ಅಲುಗಾಡಿಸಬೇಡಿ ಎಂದರು. ಒಬ್ಬಳು ಸೊಸೆಗೆ ಹೊಲಿಗೆ ಮಷೀನು ತುಳಿಯಬೇಡ ಎಂದು ಹೇಳಿಹೋದಳು. ಮೊದಮೊದಲು ಸೊಸೆ ನಗುತ್ತಿದ್ದಳು. ಕೆಲವು ದಿನ ಕಳೆದ ಮೇಲೆ ನಗುವುದು ಬಿಟ್ಟಳು. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ಕೊಳವೆ ನೋಡುವುದು ಶುರುವಾಯಿತು. ಮೌತ್‌ಪೀಸು ಸೊಂಟದಿಂದ ಹೋಗಿ ಕಪಾಟಿನಲ್ಲಿ ಕೂತಿತು. ಅಡುಗೆಮನೆಯಲ್ಲಿ ಈಗ ಕುಕ್ಕರು ಒಂಟಿಯಾಗಿ ಸೀಟಿ ಹೊಡೆಯುತ್ತಿತ್ತು.

ಕಾಯುವುದು ಸಾಕು ಎಂದು ತಂದ ವಸ್ತು ಅದು. ಈಗ ಅದರ ಮುಂದೆಯೇ ಆಕೆ ಕಾಯಲು ಕುಳಿತಿದ್ದಳು. ನನಗೆ ಕಾಕುವಿನ ಮೇಲೆ ಸಿಟ್ಟು ಬಂತು, ಹುಳದ ಮೇಲೂ ಬಂತು. ಹುಳಕ್ಕೆ ಏನು ಗೊತ್ತು.

ಪರ್ವ ಮುಗಿಯಿತು, ಮೆರವಣಿಗೆಯ ದಿನ ಬಂತು. ಸಪ್ಪಳ ಬರದಿದ್ದರೂ ಟ್ಯೂಬಾ ಹಿಡಿದುಕೊಂಡು ಬಾ, ನೋಡಲಿಕ್ಕೆ ಚೆಂದ, ಫೋಟೋಕ್ಕೆ ಆಗುತ್ತದೆ ಎಂದು ಮಾಸ್ತರ ಹೇಳಿಕಳಿಸಿದ. ಸೊಸೆ ಒಲ್ಲೆ ಎಂದಳು. "ಮಂದಿ ನಡುವ ಅದಕ್ಕ ಧಕ್ಕಿ ಆಗತದ," ಎಂದಳು. ಬ್ಯಾಂಡಿನ ಕೆಂಪು ಕೋಟು ಆಕೆಯೇ ಎಲ್ಲರಿಗೂ ಹೊಲಿದಿದ್ದಳು. ತನ್ನದನ್ನು ಮಡಿಚಿಟ್ಟು, ಸೀರೆ ಉಟ್ಟು, ಕಲಶ ಹಿಡಿದ ಹೆಂಗಸರ ಸಾಲಿನಲ್ಲಿ ನಡೆದಳು. ನಾನು ಆಕೆಯ ಹಿಂದೆ ಇದ್ದೆ. ಮುಂದೆ ಬ್ಯಾಂಡು ನುಡಿಸುತ್ತಿತ್ತು. ಇವಳ ಬಲಗೈಯ ಮೂರು ಬೆರಳು ತಾಮ್ರದ ಕಲಶದ ಮೇಲೆ ಏಳುತ್ತಿದ್ದವು, ಒತ್ತುತ್ತಿದ್ದವು, ಟ್ಯೂಬಾದ ಗುಂಡಿ ಒತ್ತಿದ ಹಾಗೆ. ಆಕೆಗೆ ಅದು ಗೊತ್ತಿತ್ತೋ ಇಲ್ಲವೋ.

ಮನೆಗೆ ಬಂದು ಕಾಲು ತೊಳೆದ ಮೇಲೆ ನಾನು ಕೇಳಿದೆ. ನನಗೆ ಸುತ್ತಿ ಬಳಸಿ ಕೇಳಲು ಬರುವುದಿಲ್ಲ.

"ಇನ್ನ ಎಷ್ಟ ದಿನ ಆ ಮಣ್ಣಿನ ಮುಂದ ಕುಂದ್ರಾಕಿ?"

ಆಕೆ ಕಲಶ ಒರೆಸುತ್ತಿದ್ದಳು. "ನಂಬಕಿ ಇಲ್ರಿ ಅತ್ತಿ ನನಗೂ. ಆದ್ರ ಏನರ ಆದೀತೇನೋ ಅನ್ನಸ್ತದ."

"ಮತ್ತ ಅದನ್ನ ಯಾಕ ತಂದಿ?"

ಆಕೆ ಕಲಶದ ಕಂಠ ಇನ್ನೊಂದು ಸುತ್ತು ಒರೆಸಿದಳು. ಆಮೇಲೆ ಹೇಳಿದಳು: "ದವಾಖಾನ್ಯಾಗ ಪ್ರತಿ ಸಲ ಮಲಗಸಿ, ಉಸರು ಬಿಗಿ ಹಿಡೀರಿ ಅಂತಿದ್ರು. ಹಿಡದ ಹಿಡದ ಸಾಕಾಗಿತ್ರಿ. ಮಾಸ್ತರ, ಇದನ್ನ ಊದಾಕ ಎದಿ ತುಂಬ ಉಸರು ಬಿಡಬೇಕು ಅಂದ್ರು. ನನಗ ಅದು ಬೇಕಾಗಿತ್ತು."

  ಕಲಶ ಇಸಿದುಕೊಂಡು ನಾನೇ ಒರೆಸಿ ಒಳಗೆ ಇಟ್ಟೆ.

ಮೆರವಣಿಗೆ ಆದ ಕೆಲವು ದಿನಕ್ಕೆ, ಬೆಳಿಗ್ಗೆ ನಾನು ಅಂಗಳ ಗುಡಿಸುವಾಗ ಸೊಸೆ ಕೂಗಿದಳು. ಮಣ್ಣಿನ ಮುಚ್ಚಳದಲ್ಲಿ ದುಂಡಗೆ ಒಂದು ತೂತು. ಕೊಳವೆಯ ತುದಿಯ ಮೇಲೆ ಹೊಸ ಕಣಜ ಕುಳಿತಿತ್ತು, ರೆಕ್ಕೆ ಇನ್ನೂ ಮೆತ್ತಗೆ. ಬಿಸಿಲು ಬರುವ ತನಕ ಕುಳಿತು ಹಾರಿಹೋಯಿತು. ಒಂದು ಹೋದರೆ ಒಳಗೆ ಇನ್ನೊಂದು ಇರಬಹುದು ಎಂದು ನಾನು ಮುಟ್ಟಗೊಡಲಿಲ್ಲ. ಅದರ ಹಿಂದಿನ ಮರಿಯೂ ಆಮೇಲೆ ಹೊರಗೆ ಬಂದು ಹೋಯಿತು.

ಅದೇ ವಾರ ಸೊಸೆ ಹೊರಗಾದಳು, ಎಂದರೆ ಮುಟ್ಟಾದಳು. ನಮ್ಮ ಮನೆಯಲ್ಲಿ ಇನ್ನೂ ಮೂರು ದಿನ ಅಡುಗೆಮನೆಗೆ, ದೇವರ ಕೋಣೆಗೆ ಬರುವಂತಿಲ್ಲ. ಪಡಸಾಲೆಯಲ್ಲಿ ಬೇರೆ ಚಾಪೆ, ಬೇರೆ ತಾಟು. ಇದು ಸರಿಯೋ ತಪ್ಪೋ ಎಂದು ಈಗಿನವರು ಕೇಳುತ್ತಾರೆ, ಕೇಳಲಿ. ಆ ಚಾಪೆಯ ಮೇಲೆ ಆಕೆ ಎಷ್ಟು ತಿಂಗಳು, ಎಷ್ಟು ವರ್ಷ ಗೋಡೆಗೆ ಮುಖ ಮಾಡಿ ಮಲಗಿದ್ದಳೋ. ಆವತ್ತೂ ಚಾಪೆ ಬಿಚ್ಚಿ ಮಲಗಿದಳು. ನೆತ್ತಿಯ ಮೇಲೆ ಗೋಡೆಗೆ ಟ್ಯೂಬಾ.

ನಾನು ತಾಟು ತಂದು ಮುಂದೆ ಇಟ್ಟೆ.

"ಏಳು. ಅಡಗಿ ನನ್ನದು. ಬಸ್ತಿಗೆ ಹೋಗೂ ಹಂಗಿಲ್ಲ, ಬಾವಿ ಮುಟ್ಟೂ ಹಂಗಿಲ್ಲ. ಬಾಜಾ ಊದಬಾರದಂತ ಯಾರೂ ಹೇಳಿಲ್ಲ. ಮೂರ ದಿನ ನಿನಗ ಬ್ಯಾರೆ ಕೆಲಸ ಏನದ?"

"ಮುಟ್ಟಬಹುದೇನ್ರಿ ಅದನ್ನ? ಮೈಲಗಿ ಆಗೂದಿಲ್ಲೇನ್ರಿ?"

"ಹಿತ್ತಾಳಿ ಅದ. ನಾಕನೇ ದಿನ ಹುಣಸಿಹಣ್ಣ ಹಚ್ಚಿ ತಿಕ್ಕಿದ್ರ ಆತು. ನಿನಕಿಂತ ಬಲ್ಲದು ಅದು, ಎಲ್ಲಾರ ಬಾಯಿ ನೋಡ್ಯದ."

ಆಕೆ ಎದ್ದು ಕುಳಿತಳು. ಟ್ಯೂಬಾ ತಾನೇ ಇಳಿಸಿದಳು. ಬೆಳಕು ಬಿಟ್ಟು ನಾನು ಒಳಗೆ ನೋಡಿದೆ. ಏನೂ ಉಳಿದಿರಲಿಲ್ಲ, ಒಣ ಮಣ್ಣು, ಈರುಳ್ಳಿ ಸಿಪ್ಪೆಯಂಥ ಖಾಲಿ ಪೊರೆ ಬಿಟ್ಟರೆ. ಸೋಸಿದ ನೀರು ಒಂದು ತಂಬಿಗೆ ತಂದು ದೂರದಿಂದ ಹೊಯ್ದೆ, ಆಕೆ ಕೊಳವೆ ಬಾಗಿಸಿ ಹಿಡಿದಳು. ಮಣ್ಣು ನೆನೆದು ಇಷ್ಟಿಷ್ಟೇ ಇಳಿಯಿತು, ಆಮೇಲೆ ಒಮ್ಮೆಲೇ ಕೆಸರಾಗಿ ಅಂಗಳಕ್ಕೆ ಬಿತ್ತು. ಇನ್ನೊಂದು ತಂಬಿಗೆ ಹೊಯ್ದೆ. ನೀರು ತಿಳಿಯಾಗಿ ಬಂತು.

ಕಪಾಟಿನಿಂದ ಮೌತ್‌ಪೀಸು ನಾನೇ ತಂದು ಚಾಪೆಯ ಮೇಲೆ ಹಾಕಿದೆ.

ಆಗಲೇ ಕಾಂಪೌಂಡಿನ ಆಚೆಯಿಂದ ಕಾಕುವಿನ ತಲೆ ಕಂಡಿತು. ಬಟ್ಟೆ ಒಣಹಾಕುತ್ತಿದ್ದಳು. ಹುಳ ಹಾರಿಹೋದ ಸುದ್ದಿ ಅವಳಿಗೆ ಮುಟ್ಟಿತ್ತು. ಕೆಟ್ಟ ಮನಸ್ಸಿನವಳಲ್ಲ ಅವಳು. ಬಸ್ತಿಯ ಹೆಂಗಸರಿಗಿಂತ ಹೆಚ್ಚು ಹರಕೆ ನನ್ನ ಸೊಸೆಗಾಗಿ ಹೊತ್ತಿದ್ದಾಳೆ. ಚಾಪೆ ಅವಳಿಗೆ ಕಾಣುತ್ತಿರಲಿಲ್ಲ. ಕುಣಿಯುವ ದನಿಯಲ್ಲಿ ಕೇಳಿದಳು:

"ಕಾಯ ಗ ಪೋರೀ, ಕಾಹೀ ವಿಶೇಷ? ಏನರ ಸುದ್ದಿ ಅದನ?"

ವರ್ಷಗಟ್ಟಲೆ ಈ ಪ್ರಶ್ನೆಗೆ ಸೊಸೆ ತಲೆ ತಗ್ಗಿಸಿದ್ದನ್ನು ನೋಡಿದ್ದೇನೆ. ಉತ್ತರ ನಾನೇ ಕೊಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಸೊಸೆ ಟ್ಯೂಬಾ ಮಡಿಲಿಗೆ ಎಳೆದುಕೊಂಡು, ತುಟಿ ಕೂಡಿಸಿ, ಹೊಟ್ಟೆಯಿಂದ ಉಸಿರು ತೆಗೆದು ಊದಿದಳು.

ಮಿರಜಿನ ಸಂದಿಯಲ್ಲಿ ಬಂದದ್ದು ಇದರ ಮುಂದೆ ಏನೂ ಅಲ್ಲ. ಬೇವಿನ ಮರದ ಕಾಗೆಗಳು ಎದ್ದವು. ಕಪಾಟಿನ ತಾಟುಗಳು ಅಲುಗಿದವು. ಕಾಕುವಿನ ಕೈಯಿಂದ ಒದ್ದೆ ಲುಂಗಿ ಕೆಳಗೆ ಬಿತ್ತು.

"ಅಯ್ಯಯ್ಯ! ಏನಂತಾಳ ಆಕಿ?" ಎಂದು ಕಾಕು ನನ್ನನ್ನು ಕೇಳಿದಳು.

"ಕೇಳಸಲಿಲ್ಲೇನ?" ಎಂದೆ. "ತಡಿ, ಇನ್ನೊಮ್ಮೆ ಹೇಳ್ತಾಳ."

ಇನ್ನೊಮ್ಮೆ ಊದಿದಳು. ಈ ಸಲ ಉದ್ದಕ್ಕೆ, ಉಸಿರು ಪೂರ್ತಿ ಮುಗಿಯುವ ತನಕ. ನಡುವೆ ಒಂದು ಗುಂಡಿ ಒತ್ತಿದಳು, ದನಿ ಒಂದು ಮೆಟ್ಟಿಲು ಇಳಿಯಿತು. ಕಣ್ಣಲ್ಲಿ ನೀರು ಬಂದಿತ್ತು. ಅದು ಊದಿದ ಬಿರುಸಿಗೋ ಬೇರೆಯದಕ್ಕೋ ನಾನು ಕೇಳಲಿಲ್ಲ. ಕಾಕು ಕಾಂಪೌಂಡಿಗೆ ಕೈ ಊರಿ ನಿಂತು ಪೂರ್ತಿ ಕೇಳಿದಳು. ಕೊನೆಗೆ, "ನಮ್ಮ ಹಳೇ ಮ್ಹೈಸಿ ಹಿಂಗ ಒದರತಿತ್ತು, ಬಾಳ ಹಾಲ ಕೊಡತಿತ್ತು," ಎಂದಳು. ಹೊಗಳಿದ್ದೇ ಅದು. ವಿಶೇಷ ಏನು ಎಂದು ಮತ್ತೆ ಕೇಳಲಿಲ್ಲ. ಲುಂಗಿ ಮತ್ತೆ ಜಾಲಿಸಲು ಹೋದಳು.

ಟ್ಯೂಬಾದಿಂದ ಎಂಜಲು ನೀರು ನಾನು ಆಗಷ್ಟೇ ಸಾರಿಸಿದ ನೆಲದ ಮೇಲೆ ಸೋರಿತು. ಒರೆಸಿಕೋ ಎಂದು ಹಳೆಯ ಬಟ್ಟೆ ಎಸೆದು ಒಳಗೆ ಹೋದೆ.

ಮೂರು ದಿನ ಅಡುಗೆ ನನ್ನದೇ. ಹೊರಗೆ ಭೋಂ ಭೋಂ ಎನ್ನುವಾಗ ರೊಟ್ಟಿ ಬಡಿಯುವ ನನ್ನ ಕೈ ಅದಕ್ಕೆ ತಾಳ ಹಿಡಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಬೆಚ್ಚಿ ಬಿದ್ದು ಎರಡು ರೊಟ್ಟಿ ಹರಿದವು. ಅವನ್ನು ನಾನೇ ತಿಂದೆ, ಇಡೀ ಇದ್ದದ್ದನ್ನು ಆಕೆಯ ತಾಟಿಗೆ ಹಾಕಿದೆ. ಊದುವವಳಿಗೆ ಹಸಿವು ಜಾಸ್ತಿ.